‘ನನಗೆ ಗೊತ್ತು’ ಎಂಬ ರೋಗ

2023ರ ನವೆಂಬರ್ ತಿಂಗಳ ಕೊನೆಯ ವಾರ. ಮೂವತ್ತೈದರ ಆಸುಪಾಸಿನ ಗೃಹಸ್ಥರೊಬ್ಬರು ಪತ್ನಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಅವರ ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಅವರು ನನಗೆ ಹೊಸಬರಲ್ಲ. ಮೂರು ತಿಂಗಳಿನಿಂದ ಎದೆಯುರಿ, ಹುಳಿತೇಗು, ನಿದ್ರಾಭಂಗವೆಂದು ಬರುತ್ತಿದ್ದರು. ನಾನು ಆಮ್ಲಪಿತ್ತವೆಂದು ನಿರ್ಣಯಿಸಿ ಔಷಧ ಕೊಟ್ಟಿದ್ದೆ, ಹುಳಿ-ಖಾರ ಬಿಡಿಸಿದ್ದೆ, ರಾತ್ರಿ ಬೇಗನೆ ಮಲಗಬೇಕೆಂದು ಹೇಳಿದ್ದೆ. ಗುಣ ಕಂಡಿರಲಿಲ್ಲ. ಆ ದಿನ ಅವರ ಪತ್ನಿ ನನ್ನ ಮೇಜಿನ ಮೇಲೆ ಒಂದು ಗಿರವಿ ಚೀಟಿಯನ್ನಿಟ್ಟು, ‘ಇವರು ರಾತ್ರಿಯೆಲ್ಲ ಮೊಬೈಲಿನಲ್ಲಿ ಮ್ಯಾಚಿನ ಮೇಲೆ ದುಡ್ಡು ಕಟ್ಟುತ್ತಾರೆ ಡಾಕ್ಟ್ರೇ. ನನ್ನ ಸರವೂ ಹೋಯಿತು’ ಎಂದರು.

ಯಾವ ಪಂದ್ಯವೆಂದು ಕೇಳಿದೆ. ಆಗಷ್ಟೇ ಮುಗಿದಿದ್ದ ಕ್ರಿಕೆಟ್ ವಿಶ್ವಕಪ್ ಎಂದರು. ಸ್ವಲ್ಪ ತಡೆದು, ‘ಅಕ್ಟೋಬರ್ 28ರ ರಾತ್ರಿ ರಗ್ಬಿ ಫೈನಲ್ ಮೇಲೂ ಕಟ್ಟಿದ್ದೆ’ ಎಂದರು.

‘ಆ ಆಟ ನಿನಗೆ ಗೊತ್ತೇನಪ್ಪಾ?’

‘ಇಲ್ಲ ಡಾಕ್ಟ್ರೇ, ಅದುವರೆಗೆ ನೋಡೇ ಇರಲಿಲ್ಲ. ಆದರೆ ಎರಡು ಗಂಟೆ ಕೂತು ಎಲ್ಲ ಓದಿದ್ದೆ. ಯಾರು ಗೆಲ್ಲುತ್ತಾರೆ ಅನ್ನುವುದು ಗೊತ್ತಿತ್ತು.’

ಈ ‘ಗೊತ್ತಿತ್ತು’ ಎಂಬ ಮಾತೇ ನನ್ನನ್ನು ಈ ಲೇಖನಕ್ಕೆ ಹಚ್ಚಿದೆ. ಜೂಜಿಗೆ ಕಾರಣ ದುರಾಸೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ದುರಾಸೆ ಇದ್ದೇ ಇರುತ್ತದೆ. ಆದರೆ ಪಂದ್ಯಗಳ ಮೇಲಿನ ಬೆಟ್ಟಿಂಗ್‌ಗೆ ಬಲಿಯಾಗುವ ಯುವಕರು ತಮ್ಮನ್ನು ಜೂಜುಕೋರರೆಂದು ಭಾವಿಸುವುದಿಲ್ಲ. ಆಟ ಬಲ್ಲವರೆಂದು ಭಾವಿಸುತ್ತಾರೆ. ಪಿಚ್ ಹೇಗಿದೆ, ಟಾಸ್ ಯಾರಿಗೆ ಅನುಕೂಲ, ಇಬ್ಬನಿ ಬೀಳುವುದೇ, ಕಳೆದ ಐದು ಪಂದ್ಯಗಳಲ್ಲಿ ಯಾರ ಬ್ಯಾಟು ಮಾತನಾಡಿದೆ ಎಂಬ ಪಂದ್ಯಪೂರ್ವ ವಿಶ್ಲೇಷಣೆ ಪತ್ರಿಕೆಯಲ್ಲಿ, ದೂರದರ್ಶನದಲ್ಲಿ, ಮೊಬೈಲಿನಲ್ಲಿ ಹೇರಳವಾಗಿ ಸಿಗುತ್ತದೆ. ಅದನ್ನು ಓದಿ ಆಟವನ್ನು ಸವಿದರೆ ಯಾವ ದೋಷವೂ ಇಲ್ಲ. ಓದಿದವನು ಕೈಯನ್ನು ಕಿಸೆಗೆ ಹಾಕಿದಾಗ ಮಾತ್ರ ಅರಿವು ಭ್ರಮೆಯಾಗುತ್ತದೆ.

ಆ ರಗ್ಬಿ ಪಂದ್ಯವನ್ನೇ ನೋಡಿ. ಪ್ಯಾರಿಸ್ ನಗರದ ಹೊರವಲಯದಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯ. ನಮಗೆ ಮಧ್ಯರಾತ್ರಿ ಕಳೆದ ಹೊತ್ತು. ಹದಿನೈದು ಆಟಗಾರರ ಎರಡು ತಂಡಗಳು ಎಂಬತ್ತು ನಿಮಿಷ ಸೆಣಸಿದವು. ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಮೊದಲಾರ್ಧದಲ್ಲಿಯೇ ಕೆಂಪು ಕಾರ್ಡ್ ಪಡೆದು ಹೊರನಡೆದರು. ಆದರೂ ಹದಿನಾಲ್ಕು ಜನರ ತಂಡ ಗೆಲುವಿನ ಅಂಚಿನವರೆಗೆ ಬಂದಿತ್ತು. ಗೋಲಿನತ್ತ ಒದ್ದ ಒಂದೆರಡು ಒದೆತಗಳು ಗುರಿ ತಪ್ಪಿದವು. ದಕ್ಷಿಣ ಆಫ್ರಿಕಾ 12-11ರಿಂದ ಗೆದ್ದಿತು. ಆ ತಂಡ ಕ್ವಾರ್ಟರ್ ಫೈನಲಿನಲ್ಲಿ ಫ್ರಾನ್ಸನ್ನು 29-28ರಿಂದಲೂ ಸೆಮಿಫೈನಲಿನಲ್ಲಿ ಇಂಗ್ಲೆಂಡನ್ನು 16-15ರಿಂದಲೂ ಸೋಲಿಸಿತ್ತು. ಮೂರು ಪಂದ್ಯಗಳಲ್ಲೂ ಅಂತರ ಒಂದೇ ಒಂದು ಅಂಕ! ಒದ್ದ ಚೆಂಡು ಒಂದು ಮೊಳ ಅತ್ತಿತ್ತ ಸರಿಯುವುದನ್ನು ಯಾವ ವಿಶ್ಲೇಷಣೆ ಮುಂದಾಗಿ ಹೇಳೀತು?

ಅವರು ನ್ಯೂಜಿಲೆಂಡ್ ಮೇಲೆ ಹಣ ಕಟ್ಟಿದ್ದರು. ಹೋದುದನ್ನು ಮರಳಿ ಪಡೆಯಲು ಪತ್ನಿಯ ಸರವನ್ನು ಗಿರವಿಯಿಟ್ಟು, ನವೆಂಬರ್ 19ರಂದು ಅಹಮದಾಬಾದಿನ ಕ್ರಿಕೆಟ್ ಫೈನಲಿನಲ್ಲಿ ಭಾರತದ ಮೇಲೆ ಕಟ್ಟಿದರು. ಸತತ ಹತ್ತು ಪಂದ್ಯ ಗೆದ್ದುಬಂದಿದ್ದ ತಂಡ ಗೆಲ್ಲುತ್ತದೆಂಬುದು ಅಂದು ಯಾರಿಗೆ ತಾನೆ ‘ಗೊತ್ತಿರಲಿಲ್ಲ’? ನನಗೂ ಗೊತ್ತಿತ್ತು. ಆಸ್ಟ್ರೇಲಿಯಾ ಆರು ವಿಕೆಟ್‌ಗಳಿಂದ ಗೆದ್ದಿತು.

ಇನ್ನು ಲೆಕ್ಕದ ಮಾತು. ಸಮಬಲದ ಎರಡು ತಂಡಗಳ ಪಂದ್ಯದಲ್ಲಿ 100 ರೂಪಾಯಿ ಕಟ್ಟಿ ಗೆದ್ದವನಿಗೆ ನ್ಯಾಯವಾಗಿ 200 ರೂಪಾಯಿ ಬರಬೇಕು. ಬುಕ್ಕಿ ಕೊಡುವುದು 190 ಎಂದಿಟ್ಟುಕೊಳ್ಳಿ. ಹೀಗೆ ನೂರು ಸಲ ಕಟ್ಟಿ ಐವತ್ತು ಸಲ ಗೆದ್ದವನು 10,000 ರೂಪಾಯಿ ಹೂಡಿ 9,500 ಪಡೆಯುತ್ತಾನೆ. ನಷ್ಟವಿಲ್ಲದೆ ಉಳಿಯಬೇಕಾದರೂ ನೂರರಲ್ಲಿ ಸುಮಾರು ಐವತ್ಮೂರು ಸಲ ಗೆಲ್ಲಬೇಕು. ಪತ್ರಿಕೆಯಲ್ಲಿ ನೀವು ಓದಿದ ಪಿಚ್ಚು, ಟಾಸು, ಗಾಯದ ಸುದ್ದಿಯನ್ನೆಲ್ಲ ಬುಕ್ಕಿ ನಿಮಗಿಂತ ಮೊದಲೇ ಓದಿ ದರದೊಳಗೆ ಸೇರಿಸಿರುತ್ತಾನೆ. ಆದ್ದರಿಂದ ನಮ್ಮ ಅರಿವಿಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಆತ್ಮವಿಶ್ವಾಸಕ್ಕೆ ಮಾತ್ರ ಬೆಲೆ. ಅದನ್ನು ತೆರುವವರೂ ನಾವೇ.

ಆಯುರ್ವೇದವು ಇದನ್ನು ಬಹು ಹಿಂದೆಯೇ ಕಂಡಿದೆ. ಚರಕಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸದ್ವೃತ್ತವನ್ನು ವಿವರಿಸುವಾಗ ಮದ್ಯದ ಜೊತೆಯಲ್ಲಿಯೇ ದ್ಯೂತದ ರುಚಿಯನ್ನೂ ಆಚಾರ್ಯರು ನಿಷೇಧಿಸಿದ್ದಾರೆ. ಧರ್ಮಶಾಸ್ತ್ರದಲ್ಲಿ ಮಾತ್ರವಲ್ಲ, ವೈದ್ಯಶಾಸ್ತ್ರದಲ್ಲಿಯೂ ಈ ಮಾತು ಇರುವುದು ಗಮನಾರ್ಹ. ಬುದ್ಧಿ, ಧೈರ್ಯ, ಸ್ಮೃತಿ ಈ ಮೂರೂ ತಪ್ಪಿದಾಗ ಮನುಷ್ಯನು ಮಾಡುವ ಅಹಿತಕರ್ಮಕ್ಕೆ ಶಾಸ್ತ್ರವು ಪ್ರಜ್ಞಾಪರಾಧವೆಂದು ಹೆಸರಿಟ್ಟಿದೆ. ಬೆಟ್ಟಿಂಗ್‌ನಲ್ಲಿ ಮೂರೂ ತಪ್ಪುತ್ತವೆ. ಅನಿಶ್ಚಿತವಾದುದನ್ನು ನಿಶ್ಚಿತವೆಂದು ಬಗೆಯುವುದು ಬುದ್ಧಿಭ್ರಂಶ. ಸಾಕು ಎನ್ನಲಾರದಿರುವುದು ಧೃತಿಭ್ರಂಶ. ಗೆದ್ದುದನ್ನು ನೆನೆದು ಸೋತುದನ್ನು ಮರೆಯುವುದು ಸ್ಮೃತಿಭ್ರಂಶ. ಆಧುನಿಕ ವೈದ್ಯಕೀಯವೂ ಇಂದು ಇದನ್ನು ರೋಗವೆಂದೇ ಎಣಿಸುತ್ತದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಜೂಜಿನ ವ್ಯಸನವು ಮಾದಕವಸ್ತುಗಳ ವ್ಯಸನದ ಪಕ್ಕದಲ್ಲಿಯೇ ಇದೆ.

ಮೈಸೂರಿಗೆ ಪಂದ್ಯದ ಮೇಲಿನ ಪಣ ಹೊಸದಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಕುದುರೆ ಪಂದ್ಯದ ಮೈದಾನವನ್ನು ಅರಿಯದವರಾರು? ಕುದುರೆಯ ವಂಶ, ಸವಾರನ ತೂಕ, ಹಿಂದಿನ ಓಟಗಳ ಪಟ್ಟಿ ಹಿಡಿದು ಲೆಕ್ಕ ಹಾಕುತ್ತಿದ್ದ ಹಿರಿಯರನ್ನು ನಾನು ಕಂಡಿದ್ದೇನೆ. ಅವರ ಮನೆಗಳ ಕಷ್ಟವನ್ನೂ ಕಂಡಿದ್ದೇನೆ. ಕುದುರೆ ಪಂದ್ಯವು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಪಿತ್ತಿದೆ. ಆದರೆ ಕೌಶಲವಿರುವುದು ಓಡುವ ಕುದುರೆಗೆ, ನಡೆಸುವ ಸವಾರನಿಗೆ. ದುಡ್ಡು ಕಟ್ಟಿ ಕುಳಿತವನಿಗಲ್ಲ ಎಂಬುದು ವೈದ್ಯನಾಗಿ ನನ್ನ ಅಭಿಪ್ರಾಯ. ಆದರೂ ಆ ಕಾಲದಲ್ಲಿ ಒಂದು ತಡೆಯಿತ್ತು. ರೇಸಿಗೆ ದಿನ ಗೊತ್ತಿತ್ತು, ಅಲ್ಲಿಗೆ ಹೋಗಬೇಕಿತ್ತು, ಸಂಜೆಗೆ ಮುಗಿಯುತ್ತಿತ್ತು. ಈಗ ಮೈದಾನವೇ ದಿಂಬಿನ ಕೆಳಗಿದೆ. ಇಲ್ಲಿ ಪಂದ್ಯ ಮುಗಿದರೆ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಅರಿಯದ ಆಟವೊಂದು ಆರಂಭವಾಗುತ್ತದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಇದು ಸ್ವಾಗತಾರ್ಹ. ಆದರೆ ಕಾನೂನು ಬಾಗಿಲು ಮುಚ್ಚಬಲ್ಲದು, ಚಪಲವನ್ನು ಗುಣಪಡಿಸಲಾರದು. ಆ ಕೆಲಸ ಮನೆಯದು, ವೈದ್ಯರದು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂರು ತಿಂಗಳು ನಾಡಿ ಹಿಡಿದೆ, ನಾಲಿಗೆ ನೋಡಿದೆ. ‘ರಾತ್ರಿ ಎಚ್ಚರವಾಗಿದ್ದು ಏನು ಮಾಡುತ್ತೀರಿ?’ ಎಂದು ಒಮ್ಮೆಯೂ ಕೇಳಲಿಲ್ಲ. ರಾತ್ರಿಜಾಗರಣೆಯಿಂದ ವಾತ ಕೆರಳುವುದನ್ನು ಬಲ್ಲ ನಾನು ಜಾಗರಣೆಯ ಕಾರಣವನ್ನು ಬಿಟ್ಟು ಫಲಕ್ಕೆ ಔಷಧ ಕೊಟ್ಟೆ. ನನಗೂ ರೋಗ ‘ಗೊತ್ತಿತ್ತು’. ಈಗ ನಿದ್ರೆಯಿಲ್ಲವೆಂದು ಬರುವ ಪ್ರತಿಯೊಬ್ಬರಿಗೂ ಆ ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ.

ಚಿಕಿತ್ಸೆಯ ಬಗ್ಗೆ ಕೆಲವು ಮಾತು. ಜೂಜು ಬಿಡಿಸುವ ಕಷಾಯವಾಗಲಿ ಲೇಹ್ಯವಾಗಲಿ ಇಲ್ಲ; ಇದೆಯೆಂದು ಹೇಳುವವರನ್ನು ನಂಬಬೇಡಿ. ಔಷಧದಿಂದ ನಿದ್ರೆ, ಜೀರ್ಣಶಕ್ತಿಗಳನ್ನು ಸರಿಪಡಿಸಬಹುದು. ಮುಖ್ಯವಾದುದು ಚರಕರು ಹೇಳಿದ ಸತ್ತ್ವಾವಜಯ, ಅಂದರೆ ಮನಸ್ಸನ್ನು ಅಹಿತವಾದ ವಿಷಯಗಳಿಂದ ಹಿಂತೆಗೆಯುವ ಚಿಕಿತ್ಸೆ. ಇಂದು ಮನೋವೈದ್ಯರೂ ಆಪ್ತಸಮಾಲೋಚಕರೂ ಅದನ್ನು ಕ್ರಮಬದ್ಧವಾಗಿ ಮಾಡುತ್ತಾರೆ. ಅವರ ಬಳಿಗೆ ಕಳುಹಿಸಲು ನಾನು ಹಿಂಜರಿಯುವುದಿಲ್ಲ. ಕೆಟ್ಟ ಅಭ್ಯಾಸವನ್ನು ಕಾಲುಭಾಗದಂತೆ ಮೆಲ್ಲಮೆಲ್ಲನೆ ಬಿಡಬೇಕೆಂಬ ಪಾದಾಂಶಿಕ ಕ್ರಮ ನಮ್ಮ ಶಾಸ್ತ್ರದಲ್ಲಿದೆ. ಬೆಟ್ಟಿಂಗ್‌ಗೆ ಮಾತ್ರ ಅದನ್ನು ಅನ್ವಯಿಸಬಾರದೆಂಬುದು ನನ್ನ ಅನುಭವ. ‘ಇನ್ನು ಮುಂದೆ ಸ್ವಲ್ಪವೇ ಕಟ್ಟುತ್ತೇನೆ’ ಎಂಬುದೇ ಮರುಕಳಿಕೆಯ ಮೊದಲ ಮೆಟ್ಟಿಲು.

ಮನೆಯವರು ಸಾಲವನ್ನು ಗುಟ್ಟಾಗಿ ತೀರಿಸಿ ಸುಮ್ಮನಾಗಬಾರದು; ತೀರಿಸಿದ ಸಾಲ ಮತ್ತೆ ಬೆಳೆಯುತ್ತದೆ. ಮೊದಲು ಬ್ಯಾಂಕು ಖಾತೆ, ಮೊಬೈಲಿನ ಪಾವತಿ ವ್ಯವಸ್ಥೆಗಳು ಕೆಲಕಾಲ ಇನ್ನೊಬ್ಬರ ಕೈಯಲ್ಲಿರಲಿ. ರಾತ್ರಿ ಮೊಬೈಲು ಮಲಗುವ ಕೋಣೆಯ ಹೊರಗಿರಲಿ. ನಿಂದನೆ ಬೇಡ, ಅವಮಾನಕ್ಕೆ ಅಂಜಿದವನು ಸಾಲವನ್ನು ಬಚ್ಚಿಡುತ್ತಾನೆ, ಹತಾಶೆ ಬಲಿತರೆ ಪ್ರಾಣಕ್ಕೇ ಅಪಾಯ. ಸಾವಿನ ಮಾತು ಬಂದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಗೃಹಸ್ಥರು ಮರುವರ್ಷದ ಐಪಿಎಲ್ ಸಮಯದಲ್ಲಿ ಒಮ್ಮೆ ಜಾರಿದರು. ಈ ಬಾರಿ ಪತ್ನಿಗೆ ಅಂದೇ ಹೇಳಿದರು. ಅದನ್ನೇ ನಾನು ಗುಣಲಕ್ಷಣವೆಂದು ಎಣಿಸಿದೆ. ಈಗ ಸರ ಬಿಡಿಸಿಕೊಂಡಿದ್ದಾರೆ, ನಿದ್ರೆ ಬರುತ್ತಿದೆ, ಎದೆಯುರಿಗೆ ನನ್ನ ಔಷಧ ಬೇಕಾಗಿಲ್ಲ.

ನಾಡಿಗೆ ಕಾಯಕದ ಹಿರಿಮೆಯನ್ನು ಸಾರಿದ ಪರಂಪರೆ ನಮ್ಮದು. ಬೆವರಿಲ್ಲದೆ ಬರುವ ಹಣದ ಆಸೆ ತಪ್ಪೆಂದು ಮಕ್ಕಳಿಗೆ ಹೇಳಿದರೆ ಸಾಲದು. ಆ ಹಣ ಬರುವುದೇ ಇಲ್ಲವೆಂಬ ಲೆಕ್ಕವನ್ನೂ ಕಲಿಸಬೇಕು. ಪಂದ್ಯವಿರುವ ದಿನ ಮನೆಮಂದಿ ಒಟ್ಟಿಗೆ ಕುಳಿತು ನೋಡಿ, ಚರ್ಚಿಸಿ, ಸೋಲು ಗೆಲುವುಗಳನ್ನು ಊಹಿಸಿ ನಗಿರಿ. ಊಹೆ ಸುಳ್ಳಾದರೂ ರಾತ್ರಿಯ ಊಟ ರುಚಿಸುವಂತಿರಲಿ, ನಿದ್ರೆ ಬರುವಂತಿರಲಿ. ಆರೋಗ್ಯದ ದೃಷ್ಟಿಯಿಂದ ಆಟಕ್ಕೆ ಹಾಕಬೇಕಾದ ಎಲ್ಲೆ ಅಷ್ಟೆ.