ಪ್ರೊಸೆಸರ್ ಮೇಲಿನ ಅಪವಾದಕ್ಕೆ ಉತ್ತರ

ಮಲ್ಟಿ-ಎಫೆಕ್ಟ್ಸ್ ಪ್ರೊಸೆಸರ್ ಆಂಪ್‌ಗೆ ಹೊಂದುವುದಿಲ್ಲ, ಒಳ್ಳೆಯ ಆಂಪ್‌ನ ಧ್ವನಿಯನ್ನೂ ಅದು ಕೆಡಿಸುತ್ತದೆ, ನುಡಿಸಲು ಬಂದವರು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂಬ ಮಾತು ನಮ್ಮ ಗಿಟಾರ್ ವಾದಕರ ನಡುವೆ ಕೊನೆಯ ತೀರ್ಪಿನ ಹಾಗೆ ಓಡಾಡುತ್ತಿದೆ. ಬೆಂಗಳೂರಿನ ಜ್ಯಾಮಿಂಗ್ ರೂಮುಗಳಲ್ಲಿ, ಕಾಲೇಜು ಉತ್ಸವಗಳ ವೇದಿಕೆಯ ಹಿಂದೆ, ಊರೂರಿನ ಆರ್ಕೆಸ್ಟ್ರಾಗಳಲ್ಲಿ ಇದೇ ಮಾತು. ಇದನ್ನು ನಂಬಿ, ತಿಂಗಳುಗಟ್ಟಲೆ ದುಡ್ಡು ಕೂಡಿಸಿ ಕೊಂಡ ಪೆಟ್ಟಿಗೆಯನ್ನು ಸಿಕ್ಕ ಬೆಲೆಗೆ ಮಾರಿಬಿಡುವ ಹುಡುಗ ಹುಡುಗಿಯರಿದ್ದಾರೆ. ನಾನು ಒಪ್ಪುವುದಿಲ್ಲ. ಧ್ವನಿ ಕೆಡುವುದು ಪ್ರೊಸೆಸರನ್ನು ಸಿಕ್ಕಿಸುವ ಜಾಗದಿಂದ. ಗಿಟಾರ್‌ನಿಂದ ಸ್ಪೀಕರ್‌ವರೆಗಿನ ದಾರಿಯಲ್ಲಿ ಪ್ರೀಆಂಪ್ ಒಂದೇ ಇರಬೇಕು, ಸ್ಪೀಕರ್ ಕೂರಿಸಿದ ಕ್ಯಾಬಿನೆಟ್ ಒಂದೇ ಇರಬೇಕು. ನಾವು ದೂರುವ ಕೆಟ್ಟ ಧ್ವನಿಗಳಲ್ಲಿ ಬಹುಪಾಲು, ಇವು ಎರಡೆರಡಾದಾಗ ಹುಟ್ಟಿದವು. ಇದಕ್ಕೆ ಎದುರಾಗಿ ಕೇಳಿಬಂದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

"ಆಂಪ್‌ನ ಮುಂದೆ ಇನ್‌ಪುಟ್ ಅಂತ ಬರೆದು ಜಾಕ್ ಕೊಟ್ಟಿದ್ದಾರೆ. ಗಿಟಾರ್ ಇರಲಿ, ಪ್ರೊಸೆಸರ್ ಇರಲಿ, ಅಲ್ಲಿಗೇ ಹಾಕಬೇಕು" ಎನ್ನುವುದು ಮೊದಲನೆಯದು. ಆ ಜಾಕ್ ಇರುವುದು ಗಿಟಾರ್‌ಗಾಗಿ. ಪಿಕಪ್‌ನಿಂದ ಬರುವ ಸಿಗ್ನಲ್ ದುರ್ಬಲ. ಅದು ಸೊರಗದಿರಲಿ ಎಂದೇ ಅಲ್ಲಿ ಸಾಮಾನ್ಯವಾಗಿ 1 ಮೆಗಾಓಮ್‌ನಷ್ಟು ಇಂಪೀಡೆನ್ಸ್ ಇಟ್ಟಿರುತ್ತಾರೆ. ಅದರ ಬೆನ್ನಿಗೇ ಇರುವ ಪ್ರೀಆಂಪ್ ಸದ್ದನ್ನು ಹೆಚ್ಚಿಸುವುದರ ಜೊತೆಗೆ ಧ್ವನಿಗೆ ಆಕಾರವನ್ನೂ ಕೊಡುತ್ತದೆ. ಬಾಸ್, ಮಿಡ್ಲ್, ಟ್ರೆಬಲ್ ಮೂರನ್ನೂ ನಡುವಿಗೆ ತಿರುಗಿಸಿದರೆ ಧ್ವನಿ ಸಮತಟ್ಟಾಗಿರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಫೆಂಡರ್ ಮಾದರಿಯ ಆಂಪ್‌ಗಳಲ್ಲಿ ಹಾಗಾಗುವುದೇ ಇಲ್ಲ. ನಾಬ್‌ಗಳು ನಡುವಿನಲ್ಲಿದ್ದಾಗ ಮಧ್ಯದ ಸ್ವರಗಳು ಚೆನ್ನಾಗಿ ತಗ್ಗಿರುತ್ತವೆ. ಸಮತಟ್ಟಿನ ಹತ್ತಿರಕ್ಕೆ ಬರಬೇಕಾದರೆ ಬಾಸ್ ಮತ್ತು ಟ್ರೆಬಲ್ ಪೂರ್ತಿ ಇಳಿಸಿ ಮಿಡ್ಲ್ ಪೂರ್ತಿ ಏರಿಸಬೇಕು.

ಈಗ ಪ್ರೊಸೆಸರ್‌ನಲ್ಲಿ ಮಾರ್ಷಲ್‌ನ ಒಂದು ಮಾಡೆಲ್ ಆರಿಸಿಕೊಂಡಿದ್ದೀರಿ ಎನ್ನಿ. ಆ ಮಾಡೆಲ್ ಎಂದರೆ ಒಂದು ಇಡೀ ಪ್ರೀಆಂಪ್‌ನ ಅನುಕರಣೆ. ಗೇನ್, ಟೋನ್ ಎಲ್ಲ ಅದರೊಳಗೇ ಬಂದುಹೋಗಿರುತ್ತದೆ. ಅದನ್ನು ತಂದು ಫೆಂಡರ್ ಆಂಪ್‌ನ ಮುಂದಿನ ಜಾಕ್‌ಗೆ ಕೊಟ್ಟರೆ, ಒಗ್ಗರಣೆ ಹಾಕಿ ಇಳಿಸಿದ ಸಾರಿಗೆ ಇನ್ನೊಬ್ಬರು ಬಂದು ಮತ್ತೊಂದು ಒಗ್ಗರಣೆ ಹಾಕಿದಂತಾಗುತ್ತದೆ. ಮಾರ್ಷಲ್ ಮಾಡೆಲ್ ಎತ್ತಿಕೊಟ್ಟ ಮಧ್ಯವನ್ನು ಫೆಂಡರ್ ಪ್ರೀಆಂಪ್ ತಗ್ಗಿಸುತ್ತದೆ. ಹೆಡ್‌ಫೋನ್‌ನಲ್ಲಿ ಘನವಾಗಿ ಕೇಳಿದ ಪ್ಯಾಚ್ ವೇದಿಕೆಯಲ್ಲಿ ತೆಳ್ಳಗಾಗಿ ಕಿರುಚುತ್ತದೆ. ವಾದಕರು ಪ್ರೊಸೆಸರನ್ನು ಬಯ್ಯುತ್ತಾರೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಆಂಪ್‌ನ ಹಿಂಬದಿಯಲ್ಲಿ ಎಫೆಕ್ಟ್ಸ್ ಲೂಪ್‌ನ ರಿಟರ್ನ್ ಜಾಕ್ ಇದ್ದರೆ ಪ್ರೊಸೆಸರ್‌ನ ಎಡಬದಿಯ ಔಟ್‌ಪುಟ್ಟನ್ನು, ಅಂದರೆ ಮೋನೋ ಎಂದೂ ಬರೆದಿರುವುದನ್ನು, ಅಲ್ಲಿಗೆ ಕೊಡಿ. ಆಂಪ್‌ನ ಪ್ರೀಆಂಪ್ ದಾರಿಯಿಂದ ಹೊರಗುಳಿಯುತ್ತದೆ. ಪವರ್ ಆಂಪ್ ಮತ್ತು ಸ್ಪೀಕರ್ ಮಾತ್ರ ದುಡಿಯುತ್ತವೆ. ಕೆಲವು ಆಂಪ್‌ಗಳಲ್ಲಿ ಇದೇ ಜಾಕ್‌ಗೆ ಪವರ್ ಆಂಪ್ ಇನ್ ಎಂಬ ಹೆಸರಿದೆ. ಫೆಂಡರ್ ಹಾಟ್ ರಾಡ್ ಡಿಲಕ್ಸ್ ಹಾಗೆಯೇ, ಬಾಸ್ ಕಂಪನಿಯ ಕಟಾನಾ 50 ಎಂಕೆ 2 ಕೂಡ ಹಾಗೆಯೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: "ರಿಟರ್ನ್‌ಗೆ ಹಾಕಿಯೂ ನೋಡಿದ್ದೇವೆ. ಕಂಬಳಿ ಹೊದಿಸಿದ ಹಾಗೆ ಮಂಕಾಗಿಯೇ ಇರುತ್ತದೆ. ಡಿಜಿಟಲ್ ಅಂದರೆ ಇಷ್ಟೇ." ಅವರು ಕೇಳಿದ್ದು ನಿಜ, ಕಾರಣ ಮಾತ್ರ ಬೇರೆ. ಗಿಟಾರ್ ಸ್ಪೀಕರ್ ಸಂಗೀತ ಕೇಳುವ ಸ್ಪೀಕರ್‌ನಂತಲ್ಲ. ಸೆಲೆಸ್ಚನ್ ವಿಂಟೇಜ್ 30 ಎಂಬ ಹೆಸರುವಾಸಿ ಹನ್ನೆರಡು ಇಂಚಿನ ಸ್ಪೀಕರ್‌ಗೆ ಕಂಪನಿಯೇ ಕೊಟ್ಟಿರುವ ವ್ಯಾಪ್ತಿ 70ರಿಂದ 5000 ಹರ್ಟ್ಸ್. ಅದರಾಚೆಯ ಮೇಲಿನ ಸ್ವರಗಳು ಕಡಿದಾಗಿ ಇಳಿದುಹೋಗುತ್ತವೆ. ಡಿಸ್ಟಾರ್ಷನ್‌ನ ಕರ್ಕಶ ಅಂಚನ್ನು ಸೋಸಿ ಕಿವಿಗೆ ಹಿತ ಮಾಡುವುದೇ ಈ ಇಳಿತ. ಮಿಕ್ಸರ್‌ಗೋ ಹೆಡ್‌ಫೋನ್‌ಗೋ ಕೊಡುವಾಗ ಆ ಸೋಸುವಿಕೆ ಸಿಗುವುದಿಲ್ಲವಾದ್ದರಿಂದ ಪ್ರೊಸೆಸರ್ ತನ್ನೊಳಗೇ ಕ್ಯಾಬಿನೆಟ್ ಸಿಮ್ಯುಲೇಷನ್ ಇಟ್ಟುಕೊಂಡಿದೆ. ಕಂಪನಿಯಿಂದ ತುಂಬಿಬರುವ ಪ್ಯಾಚ್‌ಗಳಲ್ಲಿ ಅದು ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ಹಾಗೆಯೇ ಆಂಪ್‌ಗೆ ಕೊಟ್ಟರೆ ಪೆಟ್ಟಿಗೆ ಒಮ್ಮೆ ಸೋಸಿದ್ದನ್ನು ನಿಜವಾದ ಸ್ಪೀಕರ್ ಇನ್ನೊಮ್ಮೆ ಸೋಸುತ್ತದೆ. ಕಂಬಳಿ ಬಂದದ್ದು ಅಲ್ಲಿಂದ.

ಕ್ಯಾಬಿನೆಟ್ ಸಿಮ್ಯುಲೇಷನ್ ಆಫ್ ಮಾಡಿ ಕೇಳಿದ ಮೇಲೆ ತೀರ್ಪು ಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಇದು ಅಡಗಿಸಿಟ್ಟ ಗುಟ್ಟೇನಲ್ಲ. ಬಾಸ್ ಕಂಪನಿಯ ಜಿಟಿ-1ರಂಥ ಚಿಕ್ಕ ಯಂತ್ರದಲ್ಲೂ ಔಟ್‌ಪುಟ್ ಸೆಲೆಕ್ಟ್ ಎಂಬ ಆಯ್ಕೆ ಇದೆ. ಕಾಂಬೋ ಆಂಪ್‌ನ ಮುಂದಕ್ಕೋ, ಸ್ಟ್ಯಾಕ್‌ನ ರಿಟರ್ನ್‌ಗೋ, ರೋಲ್ಯಾಂಡ್‌ನ ಜೆಸಿ-120 ಆಂಪ್‌ಗೋ, ಲೈನ್ ಮತ್ತು ಹೆಡ್‌ಫೋನ್‌ಗೋ ಎಂದು ಅದರಲ್ಲಿ ಬೇರೆಬೇರೆಯಾಗಿ ಹೇಳಬಹುದು. ಕೊಂಡ ದಿನ ಹೆಡ್‌ಫೋನ್‌ಗೆ ಇಟ್ಟದ್ದನ್ನು ಬದಲಿಸದೆ ವೇದಿಕೆ ಏರಿದವರೇ ಡಿಜಿಟಲ್ ಧ್ವನಿಯನ್ನು ಅತಿ ಹೆಚ್ಚು ಹಳಿಯುವವರು.

"ದೊಡ್ಡ ದೊಡ್ಡ ವಾದಕರೆಲ್ಲ ಮುಂದಿನ ಜಾಕ್‌ಗೇ ಹಾಕಿ ನುಡಿಸಿದ್ದಾರಲ್ಲ?" ಹೌದು, ನುಡಿಸಿದ್ದಾರೆ. ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಎಕೋ ಯಂತ್ರವನ್ನು ವಾಕ್ಸ್ ಆಂಪ್‌ನ ಮುಂದಿಟ್ಟೇ ಆ ಧ್ವನಿ ಕಟ್ಟಿದರು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಬಿನ್‌ಸನ್ ಎಕೋರೆಕ್ ಯಂತ್ರವನ್ನು ಹೈವಾಟ್ ಆಂಪ್‌ನ ಮುಂದಿಟ್ಟರು. ಆದರೆ ಅವರ ಪ್ರೀಆಂಪ್ ಬಹುತೇಕ ಸ್ವಚ್ಛವಾಗಿತ್ತು. ಎಕೋ ಮರುಕಳಿಸುವಾಗ ಒಂದೊಂದು ಮರುದನಿಯೂ ಮೆಲ್ಲಗೆ ಕರಗಲು ಅಲ್ಲಿ ಅವಕಾಶವಿತ್ತು. ಅದೇ ಎಕೋವನ್ನು, ಅಂದರೆ ಡಿಲೇಯನ್ನು, ಗೇನ್ ಏರಿಸಿದ ಪ್ರೀಆಂಪ್‌ನ ಮುಂದಿಟ್ಟರೆ ಕ್ಷೀಣವಾಗಬೇಕಾದ ಮರುದನಿಯನ್ನು ಡಿಸ್ಟಾರ್ಷನ್ ಮೂಲ ಸ್ವರದಷ್ಟೇ ಎತ್ತರಕ್ಕೆ ತಳ್ಳುತ್ತದೆ. ಸ್ವರದ ಮೇಲೆ ಸ್ವರ ಬಿದ್ದು ರಾಡಿಯಾಗುತ್ತದೆ. ರಿವರ್ಬ್‌ಗೂ ಇದೇ ಗತಿ. ಈ ತೊಂದರೆ ತೀರಿಸಲೆಂದೇ ಪ್ರೀಆಂಪ್ ಮತ್ತು ಪವರ್ ಆಂಪ್ ನಡುವೆ ಎಫೆಕ್ಟ್ಸ್ ಲೂಪ್ ಬಂದದ್ದು.

ಲೂಪ್ ಇಲ್ಲದ ಆಂಪ್‌ಗಳೂ ಬೇಕಾದಷ್ಟಿವೆ. ಫೆಂಡರ್ ಬ್ಲೂಸ್ ಜೂನಿಯರ್‌ಗಿಲ್ಲ, ಮೊದಮೊದಲ ಮಾರ್ಷಲ್ ಜೆಸಿಎಂ 800ಕ್ಕೂ ಇರಲಿಲ್ಲ. ಅಂಥ ಕಡೆ ಮುಂದಿನ ಜಾಕ್ ಬಿಟ್ಟರೆ ಗತಿಯಿಲ್ಲ, ಮತ್ತು ಅದರಲ್ಲಿ ತಪ್ಪೂ ಇಲ್ಲ. ಪ್ರೊಸೆಸರ್‌ನ ಆಂಪ್ ಮಾಡೆಲ್, ಕ್ಯಾಬಿನೆಟ್ ಎರಡನ್ನೂ ಆಫ್ ಮಾಡಿ ವಾಹ್, ಓವರ್‌ಡ್ರೈವ್, ಕೋರಸ್, ಡಿಲೇ ಇಷ್ಟನ್ನೇ ಬಳಸಿ. ಪ್ರೀಆಂಪ್ ಕೆಲಸ ಆಂಪ್‌ನದು, ಅದನ್ನು ಸ್ವಚ್ಛವಾಗಿಡುವ ಕೆಲಸ ನಿಮ್ಮದು. ಆಗಲೂ ಪ್ರೀಆಂಪ್ ಒಂದೇ, ಕ್ಯಾಬಿನೆಟ್ ಒಂದೇ.

ನಾಲ್ಕು ಕೇಬಲ್‌ಗಳ ಜೋಡಣೆಯ ಬಗ್ಗೆ ಬಂದ ಟೀಕೆ ಬೇರೆ ಬಗೆಯದು: "ಅದು ಬರೀ ಆಡಂಬರ, ಅಷ್ಟು ಉದ್ದದ ತಂತಿಯಲ್ಲಿ ಧ್ವನಿಯ ಹೊಳಪೆಲ್ಲ ಹೋಗುತ್ತದೆ." ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಗಿಟಾರ್ ಪ್ರೊಸೆಸರ್‌ನ ಇನ್‌ಪುಟ್‌ಗೆ, ಪ್ರೊಸೆಸರ್‌ನ ಸೆಂಡ್ ಆಂಪ್‌ನ ಮುಂದಿನ ಜಾಕ್‌ಗೆ, ಆಂಪ್‌ನ ಸೆಂಡ್ ಪ್ರೊಸೆಸರ್‌ನ ರಿಟರ್ನ್‌ಗೆ, ಪ್ರೊಸೆಸರ್‌ನ ಔಟ್‌ಪುಟ್ ಆಂಪ್‌ನ ರಿಟರ್ನ್‌ಗೆ. ಹೀಗೆ ಮಾಡಿದರೆ ವಾಹ್, ಓವರ್‌ಡ್ರೈವ್ ನಿಮ್ಮ ಆಂಪ್‌ನ ಪ್ರೀಆಂಪ್‌ಗಿಂತ ಮೊದಲು ಬರುತ್ತವೆ, ಡಿಲೇ, ರಿವರ್ಬ್ ಅದರ ನಂತರ. ಆಂಪ್‌ನ ಸ್ವಂತ ಧ್ವನಿ ನಡುವೆ ಹಾಗೆಯೇ ಉಳಿಯುತ್ತದೆ. ಒಳ್ಳೆಯ ವಾಲ್ವ್ ಆಂಪ್ ಇದ್ದವರು ಅದರ ಪ್ರೀಆಂಪನ್ನು ಯಾಕೆ ಬಿಟ್ಟುಕೊಡಬೇಕು? ಅವರಿಗಾಗಿಯೇ ಈ ದಾರಿ.

ಹೊಳಪು ಹೋಗುವ ಮಾತು ಗಿಟಾರ್‌ನಿಂದ ನೇರವಾಗಿ ಹೊರಟ ತಂತಿಗೆ ಸಲ್ಲುತ್ತದೆ. ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಪಿಕಪ್‌ನ ಇಂಪೀಡೆನ್ಸ್ ದೊಡ್ಡದಾದ್ದರಿಂದ ಹತ್ತು ಮೀಟರ್ ತಂತಿ ಅದರ ಮೇಲಿನ ಸ್ವರಗಳನ್ನು ನುಂಗುತ್ತದೆ. ಪ್ರೊಸೆಸರ್‌ನೊಳಗಿನ ಬಫರ್ ದಾಟಿ ಬಂದ ಸಿಗ್ನಲ್‌ಗೆ ಆ ಭಯವಿಲ್ಲ. ಅದರ ಇಂಪೀಡೆನ್ಸ್ ಅಷ್ಟು ಕಡಿಮೆ ಇರುವುದರಿಂದ ಅದೇ ಹತ್ತು ಮೀಟರ್‌ನ ಪರಿಣಾಮ ಕಿವಿಗೆ ಕೇಳುವ ಎತ್ತರವನ್ನು ದಾಟಿದ ಮೇಲೆ ಶುರುವಾಗುತ್ತದೆ. ಆದ್ದರಿಂದ ಗಿಟಾರ್‌ನಿಂದ ಪ್ರೊಸೆಸರ್‌ಗೆ ಬರುವ ಮೊದಲ ಕೇಬಲ್ ಚಿಕ್ಕದಿದ್ದರೆ ಸಾಕು. ಇಷ್ಟು ಹೇಳಿದ ಮೇಲೂ ಈ ಜೋಡಣೆ ಎಲ್ಲರಿಗೂ ಬೇಕು ಎಂದು ನಾನು ವಾದಿಸುವುದಿಲ್ಲ. ಜಿಟಿ-1ರಲ್ಲಿ ಸೆಂಡ್, ರಿಟರ್ನ್ ಜಾಕ್‌ಗಳೇ ಇಲ್ಲ. ಹತ್ತು ನಿಮಿಷದಲ್ಲಿ ಒಂದು ತಂಡ ಇಳಿದು ಇನ್ನೊಂದು ಏರುವ ಸ್ಪರ್ಧೆಯ ವೇದಿಕೆಯಲ್ಲಿ ಇದು ಕಷ್ಟ.

ಇನ್ನು ನನಗೆ ಸಿಟ್ಟು ಬರಿಸುವ ಮಾತು. "ನಾಲ್ಕು ಕೇಬಲ್ ಹಾಕಿದರೆ ಹಮ್ ಬಂದೇ ಬರುತ್ತದೆ. ಅರ್ಥ್ ಪಿನ್ ಕಿತ್ತರೆ ನಿಲ್ಲುತ್ತದೆ." ಹಮ್ ಬರಬಹುದು. ಆಂಪ್ ಮತ್ತು ಪ್ರೊಸೆಸರ್ ನಡುವೆ ಹಲವು ಕೇಬಲ್‌ಗಳ ಶೀಲ್ಡ್‌ಗಳು ಸೇರಿ ನೆಲದ ಸಂಪರ್ಕದಲ್ಲೊಂದು ಸುತ್ತು ಏರ್ಪಡುತ್ತದೆ. ನಮ್ಮ 50 ಹರ್ಟ್ಸ್ ವಿದ್ಯುತ್ತು ಅದರೊಳಗೆ ಗುಂಯ್‌ಗುಡುತ್ತದೆ. ಆದರೆ ಅರ್ಥ್ ಕೀಳುವುದನ್ನು ಪರಿಹಾರ ಎಂದು ಯಾರೂ ಯಾರಿಗೂ ಹೇಳಿಕೊಡಬಾರದು. ವಾಲ್ವ್ ಆಂಪ್‌ನೊಳಗೆ 400 ವೋಲ್ಟ್ ಆಸುಪಾಸಿನ ವಿದ್ಯುತ್ತು ಇರುತ್ತದೆ. ಒಳಗೆ ಮೇನ್ಸ್ ತಂತಿ ಕಳಚಿ ಲೋಹದ ಮೈಗೆ ತಗುಲಿದರೆ ಅರ್ಥ್ ಇದ್ದಾಗ ಫ್ಯೂಸ್ ಹಾರುತ್ತದೆ. ಅರ್ಥ್ ಇಲ್ಲದಿದ್ದರೆ ಆ ವಿದ್ಯುತ್ತು ಕೇಬಲ್‌ನ ಶೀಲ್ಡ್ ಹಿಡಿದು ಗಿಟಾರ್‌ನ ತಂತಿಗೆ ಬಂದು ಕಾಯುತ್ತದೆ. ತುಟಿ ಮೈಕ್‌ಗೆ ತಾಕಿದ ಕ್ಷಣ ಮೈಯೇ ದಾರಿಯಾಗುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ, ಪ್ರೇಕ್ಷಕರೆದುರೇ, ಸರಿಯಾಗಿ ಅರ್ಥ್ ಆಗದ ಮೈಕ್ ಮುಟ್ಟಿ ಸತ್ತರು. ಯಾರ್ಡ್‌ಬರ್ಡ್ಸ್‌ನಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ ಅರ್ಥ್ ಸರಿಯಿಲ್ಲದ ಗಿಟಾರ್ ನುಡಿಸುವಾಗ ವಿದ್ಯುತ್ ತಗುಲಿ ಸತ್ತರು. ಜನರೇಟರ್‌ನಿಂದ ಎಳೆದ ವೈರು, ಮಳೆಗೆ ನೆನೆದ ಹಲಗೆ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು ಇರುವ ನಮ್ಮ ಬಯಲು ವೇದಿಕೆಗಳಲ್ಲಿ ಈ ಸಲಹೆ ಕೊಡುವವರು ಏನು ಹೇಳುತ್ತಿದ್ದೇವೆಂದು ಒಮ್ಮೆ ಯೋಚಿಸಲಿ.

ಹಮ್‌ಗೆ ಬೇರೆ ದಾರಿಗಳಿವೆ. ಆಂಪ್, ಪ್ರೊಸೆಸರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ. ನಾಲ್ಕು ಕೇಬಲ್‌ಗಳನ್ನು ಹರಡದೆ ಒಟ್ಟಿಗೆ ಕಟ್ಟಿ. ಆಗಲೂ ನಿಲ್ಲದಿದ್ದರೆ ಆಂಪ್‌ನ ಸೆಂಡ್‌ನಿಂದ ಬರುವ ದಾರಿಯಲ್ಲಿ ಒಂದು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಿ. ಸಿಗ್ನಲ್ ದಾಟುತ್ತದೆ, ಸುತ್ತು ತುಂಡಾಗುತ್ತದೆ, ಮೂರನೆಯ ಪಿನ್ ತನ್ನ ಜಾಗದಲ್ಲೇ ಇರುತ್ತದೆ.

"ಆಂಪ್ ಯಾಕೆ ಬೇಕು, ನೇರವಾಗಿ ಮಿಕ್ಸರ್‌ಗೆ ಕೊಟ್ಟರಾಯಿತು" ಎನ್ನುವ ಆರ್ಕೆಸ್ಟ್ರಾ ವಾದಕರೊಂದಿಗೆ ನನಗೆ ಜಗಳವಿಲ್ಲ. ಕೊಡಿ, ಆಗ ಕ್ಯಾಬಿನೆಟ್ ಸಿಮ್ಯುಲೇಷನ್ ಆನ್ ಇರಲೇಬೇಕು. ಲೈನ್ 6ರ ಹೀಲಿಕ್ಸ್‌ನಂಥ ಯಂತ್ರದಲ್ಲಿ ದಾರಿಯನ್ನು ಕವಲಾಗಿಸಿ, ಕ್ಯಾಬಿನೆಟ್ ಸೇರಿದ ಸಿಗ್ನಲ್ ಮಿಕ್ಸರ್‌ಗೂ ಸೇರದ್ದು ಬೆನ್ನ ಹಿಂದಿನ ಆಂಪ್‌ಗೂ ಹೋಗುವಂತೆ ಮಾಡಬಹುದು.

ಕೊನೆಯದು ಆಂಪ್ ಬಾಡಿಗೆಗೆ ಕೊಡುವವರ ಆಕ್ಷೇಪ: "ರಿಟರ್ನ್‌ಗೆ ಏನಾದರೂ ಹಾಕಿದರೆ ಆಂಪ್ ಸುಟ್ಟುಹೋಗುತ್ತದೆ." ಈ ಹೆದರಿಕೆಯಿಂದ ಹಿಂಬದಿಯ ಜಾಕ್‌ಗಳಿಗೆಲ್ಲ ಟೇಪ್ ಅಂಟಿಸಿಟ್ಟಿರುವುದನ್ನು ನೋಡಿದ್ದೇನೆ. ಅವರ ಮಾಲು, ಅವರ ದುಡ್ಡು. ಕಾಳಜಿ ನ್ಯಾಯವಾದದ್ದೇ. ಆದರೆ ರಿಟರ್ನ್ ಜಾಕ್ ಹೊರಗಿನ ಯಂತ್ರದ ಸಿಗ್ನಲ್ ತೆಗೆದುಕೊಳ್ಳಲೆಂದೇ ಮಾಡಿದ್ದು. 1975ರಲ್ಲಿ ಬಂದು ಇವತ್ತಿಗೂ ವೇದಿಕೆಗಳಲ್ಲಿ ನಿಂತಿರುವ ರೋಲ್ಯಾಂಡ್ ಜೆಸಿ-120ರ ಈಗಿನ ಮಾದರಿಯಲ್ಲಿ ಲೂಪ್‌ಗೆ ಮಟ್ಟ ಆರಿಸುವ ಸ್ವಿಚ್ಚನ್ನೇ ಕೊಟ್ಟಿದ್ದಾರೆ. ಅಪಾಯ ಇರುವುದು ಪಕ್ಕದ ಸ್ಪೀಕರ್ ಜಾಕ್‌ನಲ್ಲಿ. ಅದೂ ಅದೇ ಕಾಲಿಂಚಿನ ಜಾಕ್, ನೋಡಲು ಒಂದೇ ಥರ. ಅಲ್ಲಿಂದ ಪ್ರೊಸೆಸರ್‌ಗೆ ತಂತಿ ಎಳೆದರೆ ಪ್ರೊಸೆಸರ್ ಸುಡುತ್ತದೆ. ಸ್ಪೀಕರ್ ಕಳಚಿ ವಾಲ್ವ್ ಆಂಪ್ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು. ರಿಟರ್ನ್‌ನಲ್ಲಿ ಎಚ್ಚರ ಬೇಕಾದದ್ದು ಸದ್ದಿನ ವಿಷಯದಲ್ಲಿ. ಹಲವು ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಲೂಪ್‌ಗಿಂತ ಮುಂಚೆಯೇ ಇರುವುದರಿಂದ ರಿಟರ್ನ್‌ಗೆ ಹಾಕಿದಾಗ ಅದು ಕೆಲಸ ಮಾಡುವುದಿಲ್ಲ. ಪ್ರೊಸೆಸರ್‌ನ ಔಟ್‌ಪುಟ್ ಸೊನ್ನೆಯಲ್ಲಿಟ್ಟು, ತಂತಿ ಸಿಕ್ಕಿಸಿ, ಮೆಲ್ಲಗೆ ಏರಿಸಬೇಕು.

ಹಾಗಾಗಿ ಬಾಡಿಗೆಯವರಲ್ಲಿ ನನ್ನ ಕೋರಿಕೆ ಇಷ್ಟೇ: ರಿಟರ್ನ್ ಮೇಲಿನ ಟೇಪ್ ಕಿತ್ತು ಸ್ಪೀಕರ್ ಜಾಕ್ ಮೇಲೆ ಅಂಟಿಸಿ, ಯಾವುದು ಏನೆಂದು ಕನ್ನಡದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ.