ಪುಗಸಟ್ಟೆ ಎಮ್ಮೆಯ ಹಲ್ಲು ಎಣಿಸಲೇಬೇಕು

ನಮ್ಮ ಸಂಘಕ್ಕೆ ಹಳೆಯ ದೊಡ್ಡ ಪ್ರಿಂಟರೊಂದು ಬಂದು ಸೇರಿರುವ ವಿಷಯ ಸದಸ್ಯ ಬಾಂಧವರೆಲ್ಲರಿಗೂ ತಿಳಿದೇ ಇದೆ. ಬಾಗಿಲು ಮುಚ್ಚಿದ ಕಟ್ಟಡ ನಕ್ಷೆಯ ಕಚೇರಿಯೊಂದರಿಂದ ಧರ್ಮಕ್ಕೆ ಸಿಕ್ಕಿದ ಯಂತ್ರ ಅದು. 36 ಇಂಚು ಅಗಲದ ಕಾಗದದ ಸುರುಳಿಯ ಮೇಲೆ ಬಣ್ಣದಲ್ಲಿ ಮುದ್ರಿಸಬಲ್ಲದು. ಸದ್ಯಕ್ಕೆ ಮಾತ್ರ ಮುದ್ರಿಸುತ್ತಿಲ್ಲ. ಶಾಯಿಯ ತಲೆಗಳನ್ನು ಹೊತ್ತ ಗಾಡಿ ಅರ್ಧ ದಾರಿ ಓಡಿ, ಗೋಡೆಗೆ ಗುದ್ದಿದಂತೆ ನಿಂತು, ದೋಷದ ಅಂಕಿಯನ್ನು ತೋರಿಸುತ್ತದೆ. ಇದನ್ನು ರಿಪೇರಿ ಮಾಡಬೇಕೆ, ಎಸೆಯಬೇಕೆ ಎಂದು ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಮುಂದಿನ ಸಭೆಗೆ ಮುಂಚೆ ನಮ್ಮ ಅಭಿಪ್ರಾಯವನ್ನು ಓದುಗರ ಮುಂದಿಡುವುದು ಉಚಿತವೆಂದು ತೋರಿತು.

ನಾವು ರಿಪೇರಿಯ ಪಕ್ಷ. ಆದರೆ ಷರತ್ತಿಲ್ಲದೆ ಅಲ್ಲ.

ಮೊದಲು, ಈ ಯಂತ್ರ ನಮಗೇಕೆ ಬೇಕು? ರಾಜ್ಯೋತ್ಸವದ ಮತ್ತು ಯುಗಾದಿಯ ಬ್ಯಾನರುಗಳಿಗೆ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟಕ್ಕೇ ಆದರೆ ಅಂಗಡಿಯೇ ಸಾಕು. ನಮ್ಮ ಕಣ್ಣಿರುವುದು ಭಾನುವಾರದ ಕನ್ನಡ ತರಗತಿಯ ಮೇಲೆ. ಗೋಡೆಯ ಮೇಲೆ ಕಾಗುಣಿತದ ದೊಡ್ಡ ಪಟವಿಲ್ಲದೆ ಮಕ್ಕಳು ಅಕ್ಷರ ಕಲಿಯುತ್ತಿದ್ದಾರೆ. ಇಲ್ಲಿಯ ಅಂಗಡಿಗಳು ಚದರಡಿಗೆ ಇಷ್ಟೆಂದು ಹಣ ಕೇಳುವುದರಿಂದ ಪಟದ ಮಾತು ಬಂದಾಗಲೆಲ್ಲ ಖಜಾಂಚಿಯವರು ತಲೆ ಕೆರೆದುಕೊಳ್ಳುತ್ತಾರೆ. ಸಾಲದ್ದಕ್ಕೆ, ಫಾಂಟನ್ನು ಕಡತದೊಳಗೆ ಸೇರಿಸದೆ ಕಳಿಸಿದರೆ ಒತ್ತಕ್ಷರಗಳು ಪಕ್ಕಕ್ಕೆ ಜಾರಿ, 'ಅಮ್ಮ' ಎಂಬ ಪದವೇ ಗುರುತು ಸಿಗದಂತಾಗಿ ಬರುತ್ತದೆ. ಕನ್ನಡ ಓದಲು ಬಾರದ ಅಂಗಡಿಯವರಿಗೆ ಅದು ತಪ್ಪೆಂದು ಹೇಗೆ ತಿಳಿಯಬೇಕು? ಯಂತ್ರ ನಮ್ಮ ಕೈಯಲ್ಲಿದ್ದರೆ ತಪ್ಪನ್ನು ಅಲ್ಲೇ ತಿದ್ದಿ ಮತ್ತೆ ತೆಗೆಯಬಹುದು.

ಇನ್ನು ರಿಪೇರಿಯ ಮಾತು. ರಿಪೇರಿಯ ಕಂಪೆನಿಯೊಂದನ್ನು ವಿಚಾರಿಸಿದಾಗ, ಬಂದು ನೋಡುವುದಕ್ಕೇ ಒಂದು ಶುಲ್ಕ, ಮೇಲೆ ಈ ಮಾದರಿಯ ಬಿಡಿಭಾಗಗಳು ಸಿಗುವ ಭರವಸೆಯಿಲ್ಲ ಎಂಬ ಉತ್ತರ ಬಂತು. ಇದನ್ನು ಕೇಳಿದ ಕೂಡಲೇ ಒಂದು ಪಕ್ಷ 'ಎಸೆಯಿರಿ' ಎಂದಿತು. ಇನ್ನೊಂದು ಪಕ್ಷ 'ಹೊಸ ಎಲೆಕ್ಟ್ರಾನಿಕ್ ಬೋರ್ಡು ತರಿಸೋಣ' ಎಂದಿತು. ಎರಡೂ ಅವಸರದ ಮಾತೆಂದು ನಮ್ಮ ನಂಬಿಕೆ. ಜ್ವರ ಬಂದವನ ನಾಡಿ ಹಿಡಿಯದೆ ಶಸ್ತ್ರಚಿಕಿತ್ಸೆಗೆ ಹೊರಟಂತೆ!

ಗಾಡಿ ನಡುದಾರಿಯಲ್ಲಿ ನಿಲ್ಲುವುದಕ್ಕೆ ಬೋರ್ಡಿಗಿಂತ ಅಗ್ಗದ ಕಾರಣಗಳು ಹಲವಿವೆ. ಗಾಡಿಯ ಹಿಂದೆ ಯಂತ್ರದ ಉದ್ದಕ್ಕೂ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯೊಂದಿದೆ. ಅದರ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು. ಗಾಡಿಯಲ್ಲಿರುವ ಬೆಳಕಿನ ಕಣ್ಣು ಈ ಗೆರೆಗಳನ್ನು ಎಣಿಸುತ್ತಲೇ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಪಟ್ಟಿಯ ಮೇಲೆ ಎಣ್ಣೆಯೋ ಶಾಯಿಯ ಮಂಜೋ ಕುಳಿತರೆ ಲೆಕ್ಕ ತಪ್ಪಿ ಗಾಡಿ ದಿಕ್ಕುಗೆಡುತ್ತದೆ. ಇದಕ್ಕೆ ಔಷಧ, ನೂಲು ಬಿಡದ ಬಟ್ಟೆಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ತೇವ ಮಾಡಿ ಮೃದುವಾಗಿ ಒರೆಸುವುದು. ಸ್ಪಿರಿಟ್ ಬೇಡ, ಕೆಲವು ಪಟ್ಟಿಗಳಲ್ಲಿ ಗೆರೆಗಳೇ ಅಳಿಸಿಹೋಗುತ್ತವೆ.

ಎರಡನೆಯದು, ಗಾಡಿ ಓಡುವ ಕಂಬಿ. ಪ್ಲಗ್ ಕಿತ್ತು, ಗಾಡಿಯನ್ನು ಕೈಯಿಂದ ಮೆಲ್ಲಗೆ ಸರಿಸಿ ನೋಡಬೇಕು. ಒಂದು ಕಡೆ ಬಿಗಿಯಾದರೆ ಅಲ್ಲಿ ಕೊಳೆಯಿದೆ, ಅಥವಾ ಕಾಗದದ ಚೂರು ಸಿಕ್ಕಿಕೊಂಡಿದೆ. ಮೂರನೆಯದು, ಗಾಡಿಯನ್ನು ಎಳೆಯುವ ಹಲ್ಲಿನ ಬೆಲ್ಟು. ಇದು ಓಡಿದರೂ ಓಡದಿದ್ದರೂ ವಯಸ್ಸಿನಿಂದಲೇ ಅಂಟಾಗಿ ಪುಡಿಯಾಗುವುದುಂಟು. ಯಂತ್ರದ ತಳದಲ್ಲಿ ಕಪ್ಪು ಚೂರುಗಳು ಬಿದ್ದಿದ್ದರೆ ಸಂಶಯವೇ ಬೇಡ. ಬೆಲ್ಟು ಬದಲಿಸಲು ತಾಳ್ಮೆ ಬೇಕು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿ ಜೋಡಿಸಿಡಲು ಒಂದು ಇಡ್ಲಿ ತಟ್ಟೆ ಬೇಕು; ದೊಡ್ಡ ವಿದ್ಯೆಯೇನೂ ಬೇಡ. ವಿದ್ಯುತ್ ಸರಬರಾಜಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಗಾಡಿ ಓಡಿದ ಮೇಲಷ್ಟೇ ಶಾಯಿಯ ಪರೀಕ್ಷೆ. ಪರೀಕ್ಷೆಯ ಹಾಳೆ ತೆಗೆದು ಯಾವ ಬಣ್ಣದ ಗೆರೆ ಮುರಿದಿದೆ ನೋಡಬೇಕು. ಶಾಯಿಯನ್ನು ಬಿಸಿ ಮಾಡಿ ಗುಳ್ಳೆಯೆಬ್ಬಿಸಿ ಚಿಮ್ಮಿಸುವ ತಲೆಗಳಾದರೆ ಸಾಮಾನ್ಯವಾಗಿ ನಾವೇ ಕಳಚಿ ಹೊಸದು ಹಾಕಬಹುದು. ವಿದ್ಯುತ್ತಿಗೆ ಬಾಗುವ ಹರಳಿನಿಂದ ಚಿಮ್ಮಿಸುವ ತಲೆಗಳಾದರೆ ಅವು ಯಂತ್ರದ ಖಾಯಂ ಅಂಗ. ಬದಲಿಸುವ ಖರ್ಚು ಹಳೆಯ ಯಂತ್ರದ ಬೆಲೆಯನ್ನೂ ಮೀರಬಹುದು. ನಮ್ಮದು ಮೊದಲ ಬಗೆಯದಾದ್ದರಿಂದಲೇ ನಾವು ಧೈರ್ಯವಾಗಿ ಇಷ್ಟು ಹೇಳುತ್ತಿದ್ದೇವೆ.

ಕಾನೂನು ನಮ್ಮ ನೆರವಿಗೆ ಬರುವುದಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದುರಸ್ತಿಯ ಹಕ್ಕಿನ ಕಾನೂನು 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಅದರಂತೆ ತಯಾರಕರು ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಜನರಿಗೂ ಒದಗಿಸಬೇಕು. ಆದರೆ ಅದು 2021ರ ಜುಲೈ 1ರಿಂದ ಈಚೆಗೆ ಮೊದಲು ತಯಾರಾಗಿ ಮಾರಾಟಕ್ಕೆ ಬಂದ ವಸ್ತುಗಳಿಗೆ ಮಾತ್ರ. ನಮ್ಮ ಯಂತ್ರ ಅದಕ್ಕೂ ಎಷ್ಟೋ ಹಿಂದಿನದು. ಹಳೆಯದನ್ನು ಇಟ್ಟುಕೊಂಡವರಿಗೆ ಕೈಯ ಕೆಲಸವೇ ಗತಿ.

ಎಸೆಯಿರಿ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇಂಥ ಯಂತ್ರ ದುಡಿದು ಸಾಯುವುದಕ್ಕಿಂತ ಕೂತು ಸಾಯುವುದೇ ಹೆಚ್ಚು. ವರ್ಷಕ್ಕೆ ಮೂರು ಬ್ಯಾನರು ತೆಗೆದು ಉಳಿದ ದಿನ ಮುಸುಕು ಹಾಕಿಟ್ಟರೆ ಸೂಜಿಮೊನೆಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗುತ್ತದೆ. ಶಾಯಿಯ ಡಬ್ಬಿಗೂ ವಾಯಿದೆಯುಂಟು. ಜೊತೆಗೆ ಯಾರ ಗ್ಯಾರೇಜಿನಲ್ಲಿ ಇಡುವುದು? ಬೇಸರಪಡದೆ ನೋಡಿಕೊಳ್ಳುವವರು ಯಾರು? ಆನೆ ಸಿಕ್ಕಿತೆಂದು ಹಿಗ್ಗಿದರೆ ಸಾಲದು, ಮೇವಿನ ಯೋಚನೆಯೂ ಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಂದು: ಮೊದಲು ಒರೆಸುವುದು, ಎಣ್ಣೆ ಹಾಕುವುದು, ಬೆಲ್ಟು ನೋಡುವುದು, ದೋಷ ಇಂಥದೇ ಎಂದು ಖಚಿತವಾಗುವವರೆಗೆ ಒಂದು ಡಾಲರಿನ ಬಿಡಿಭಾಗವನ್ನೂ ಕೊಳ್ಳಕೂಡದು. ಎರಡು: ರಿಪೇರಿಯ ಒಟ್ಟು ಖರ್ಚು, ಕಳೆದ ವರ್ಷ ನಾವು ಬ್ಯಾನರಿನ ಅಂಗಡಿಗೆ ತೆತ್ತ ಹಣವನ್ನು ಮೀರಬಾರದು. ಮೀರುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ ಯಂತ್ರವನ್ನು ಬಿಡಿಭಾಗಗಳಿಗೆ ಮಾರಿಬಿಡೋಣ. ಮೂರು: ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಸಣ್ಣ ಹಾಳೆ ತೆಗೆಯಲು ಕುಟುಂಬಗಳು ಸರದಿ ವಹಿಸಿಕೊಳ್ಳಬೇಕು. ಸಭೆಯಲ್ಲಿ ಹನ್ನೆರಡು ಕುಟುಂಬಗಳಾದರೂ ಹೆಸರು ಕೊಡದಿದ್ದರೆ ಎಸೆಯುವ ಪಕ್ಷವೇ ಗೆದ್ದಿತೆಂದು ನಾವೂ ಒಪ್ಪುತ್ತೇವೆ.

ಇನ್ನೊಂದು ಮಾತು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಕೈಯಗಲದ ಅಂಗಡಿಯ ಮುಂದೆ ನಿಂತು, ರೇಡಿಯೋಗೆ ಬೇಕಾದ ಚೂರೊಂದನ್ನು ಹುಡುಕಿದ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಕೈಚಳಕವನ್ನು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕಂಡೇ ಇಲ್ಲ. ಯಂತ್ರ ಬಿಚ್ಚುವ ದಿನ ಹಿರಿಯರೊಬ್ಬರ ಪಕ್ಕದಲ್ಲಿ ಇಬ್ಬರು ಮೂವರು ಹುಡುಗ ಹುಡುಗಿಯರು ಟಾರ್ಚು ಹಿಡಿದು ಕುಳಿತಿರಲಿ. ಸ್ಕ್ರೂ ಎಣಿಸುತ್ತ ಅವರ ನಡುವೆ ಕನ್ನಡದಲ್ಲಿ ಆಗುವ ಮಾತನ್ನು ಯಾವ ತರಗತಿಯೂ ಕಲಿಸಲಾರದು. ಹೆಸರು ಕೊಡುವವರು ಕಾರ್ಯದರ್ಶಿಗಳಿಗೆ ಸಭೆಯ ಮುಂಚೆಯೇ ತಿಳಿಸಬೇಕಾಗಿ ವಿನಂತಿ.