ಸ್ಕ್ಯಾನ್ ಮಾಡಿದ್ರು, ಹಳೇ ಹೊಲಿಗೆ ನೋಡಿದ್ರಾ?

ಇಲ್ಲಿ ಹೈದರಾಬಾದಿನಲ್ಲಿ ನಮ್ಮ ಹೆಣ್ಣುಮಕ್ಕಳ ಎರಡನೇ ಬಸಿರಿನ ಮೊದಲ ಸ್ಕ್ಯಾನ್ ರಿಪೋರ್ಟು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ಎದೆಬಡಿತ ಇದೆ, ಉದ್ದ ಇಷ್ಟು ಮಿಲಿಮೀಟರ್, ಹೆರಿಗೆ ತಾರೀಖು ಇಂಥದ್ದು... ಎಲ್ಲಾ ಬರೆದಿರ್ತಾರೆ. ಮೊದಲನೇದು ಸಿಸೇರಿಯನ್ ಆಗಿದ್ದವರಿಗೆ ಬರೆಯಲೇಬೇಕಾದ ಒಂದು ಸಾಲು ಮಾತ್ರ ನಾಪತ್ತೆ. ಬಸಿರಿನ ಚೀಲ ಕೂತಿರೋದು ಗರ್ಭಕೋಶದ ಹಳೇ ಹೊಲಿಗೆಯ ಮೇಲೋ, ಅದರಿಂದ ದೂರವೋ?

ಅದ್ಯಾಕೆ ಅಷ್ಟು ಮುಖ್ಯ ಅಂತೀರಾ? ಹೊಲಿಗೆ ಮೇಲೆ ಬಸಿರು ಕಟ್ಟಿದರೆ ಮಾಸು ಗರ್ಭಕೋಶದ ಗೋಡೆಯೊಳಕ್ಕೇ ಬೇರು ಬಿಡಬಹುದು. ಹೆರಿಗೆಯಾದ ಮೇಲೆ ಅದು ಬಿಡಿಸಿಕೊಳ್ಳೋದಿಲ್ಲ. ರಕ್ತ ಸುರಿಯುತ್ತೆ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೀಬೇಕಾಗುತ್ತೆ, ಜೀವಕ್ಕೇ ಸಂಚಕಾರ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಲೆಕ್ಕ ನೋಡಿ: ಮಾಸು ಕೆಳಗಿಳಿದು ಗರ್ಭಕೋಶದ ಬಾಯಿಗೆ ಅಡ್ಡ ಕೂತವರಲ್ಲಿ, ಎರಡನೇ ಸಿಸೇರಿಯನ್ ಹೊತ್ತಿಗೆ ನೂರಕ್ಕೆ 11 ಜನಕ್ಕೆ ಹೀಗಾಗಿತ್ತು. ಮೂರನೇದಕ್ಕೆ 40!

"ಐದನೇ ತಿಂಗಳ ಸ್ಕ್ಯಾನಲ್ಲಿ ಗೊತ್ತಾಗುತ್ತೆ ಬಿಡ್ರೀ" ಅನ್ನೋರಿದ್ದಾರೆ. ಎಷ್ಟೋ ಸಲ ಗೊತ್ತಾಗೋಲ್ಲ, ಗೊತ್ತಾದರೂ ಅಷ್ಟರಲ್ಲಿ ತಡವಾಗಿರುತ್ತೆ. ಚೀಲ ಎಲ್ಲಿ ಅಂಟಿದೆ ಅಂತ ಸ್ಪಷ್ಟವಾಗಿ ಕಾಣೋದು ಆರೇಳು ವಾರಕ್ಕೆ. ಒಂಬತ್ತು ವಾರ ದಾಟಿದರೆ ಅದು ಬೆಳೆದು ಮೇಲಕ್ಕೆ ಚಾಚುತ್ತೆ, ಎಲ್ಲಾ ಸರಿಯಾಗೇ ಇದೆ ಅನ್ನಿಸುತ್ತೆ. ಬೇಗ ತಿಳಿದರೆ ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರ ಜೊತೆ ಕೂತು ಯೋಚಿಸಬಹುದು. ಮುಂದುವರಿಸೋದಾದರೆ ರಕ್ತನಿಧಿ, ನುರಿತ ಸರ್ಜನ್ ಇರೋ ದೊಡ್ಡ ಆಸ್ಪತ್ರೆ ಮೊದಲೇ ಗೊತ್ತು ಮಾಡಿಕೊಳ್ಳಬಹುದು.

ಇದು ಅಪರೂಪದ ಸಂಗತಿ, ನಿಜ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ 21.5 ಹೆರಿಗೆ ಸಿಸೇರಿಯನ್. ಕರ್ನಾಟಕದಲ್ಲಿ 31.5, ನಾವಿರೋ ತೆಲಂಗಾಣದಲ್ಲಿ 60.7. ಕೊಯ್ಯೋಕೆ ಇಷ್ಟು ಮುಂದಿರೋರು ಕೊಯ್ದ ಜಾಗ ನೋಡೋಕೆ ಯಾಕೆ ಹಿಂದೆ? ಹೊಸ ಮಿಷನ್ನೇನೂ ಬೇಡ. ಅದೇ ಸ್ಕ್ಯಾನು, ಇನ್ನೊಂದೆರಡು ನಿಮಿಷ.

ವಲಸಿಗರಿಗೆ ಇನ್ನೊಂದು ತೊಡಕು. ಚೊಚ್ಚಲ ಹೆರಿಗೆ ತವರಲ್ಲಿ, ಎರಡನೇ ಬಸಿರು ಇಲ್ಲಿ. ಡಿಸ್ಚಾರ್ಜ್ ಕಾಗದ ಅಮ್ಮನ ಬೀರುವಿನಲ್ಲಿ. ಅದರ ಫೋಟೋ ಇವತ್ತೇ ತರಿಸಿಕೊಳ್ಳಿ. ಮೊದಲ ಸ್ಕ್ಯಾನಿಗೆ ಏಳನೇ ವಾರದೊಳಗೇ ಹೋಗಿ, ಹೊಲಿಗೆ ವಿಷಯ ರಿಪೋರ್ಟಿನಲ್ಲಿ ಬರೆಸಿ.

ಗಂಡೋ ಹೆಣ್ಣೋ ಅಂತ ಕೇಳಬಾರದು, 1994ರ ಕಾನೂನಿದೆ, ಸರಿಯೇ. ಹಳೇ ಹೊಲಿಗೆ ನೋಡಿದ್ರಾ ಅಂತ ಕೇಳಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ಕೇಳಿ.